ನೆಟ್ ಬರುತ್ತದೆ, ಪಕ್ಕದ ರೂಮಿನ ಪ್ರಿಂಟರ್ ಮಾತ್ರ ಕಾಣಲ್ಲ: ಮನೆ ನೆಟ್‌ವರ್ಕ್‌ನ ದೋಷ ಹುಡುಕುವ ಬಗೆ

ಯೂಟ್ಯೂಬ್ ಓಡುತ್ತದೆ, ಮೀಟಿಂಗ್ ಕಟ್ ಆಗಲ್ಲ, ವಾಟ್ಸಾಪ್ ವೆಬ್ ಸರಿಯಾಗಿದೆ. ಆದರೆ ಫೈಲ್ ಎಕ್ಸ್‌ಪ್ಲೋರರ್‌ನ ಎಡಗಡೆ ಇರುವ 'ನೆಟ್‌ವರ್ಕ್' ಒತ್ತಿದರೆ ಖಾಲಿ. ಹಾಲ್‌ನ ಪ್ರಿಂಟರ್ ಇಲ್ಲ, ಮಹಡಿ ಮೇಲಿನ ಕಂಪ್ಯೂಟರ್ ಇಲ್ಲ. ತುಮಕೂರಿನಲ್ಲಿ ನನಗೆ ಬರುವ ಫೋನ್‌ಗಳಲ್ಲಿ 'ನೆಟ್ ಸ್ಲೋ' ಅನ್ನುವುದು ಬಿಟ್ಟರೆ ಇದೇ ದೂರು ಜಾಸ್ತಿ. ಬೆಂಗಳೂರಿಗೆ ದಿನಾ ರೈಲು ಹತ್ತುತ್ತಿದ್ದವರು ಈಗ ವಾರದಲ್ಲಿ ಒಂದಷ್ಟು ದಿನ ಮನೆಯಲ್ಲೇ ಕೂರುತ್ತಾರೆ. ಅವರ ಆಫೀಸ್ ಲ್ಯಾಪ್‌ಟಾಪ್, ಮಗಳ ಕಾಲೇಜಿನ ಲ್ಯಾಪ್‌ಟಾಪ್, ಅಪ್ಪನ ಅಡಿಕೆ ಮಂಡಿ ಲೆಕ್ಕದ ಹಳೇ ಡೆಸ್ಕ್‌ಟಾಪ್, ಎಲ್ಲರಿಗೂ ಸೇರಿ ಒಂದು ವೈಫೈ ಪ್ರಿಂಟರ್. ಇಷ್ಟೂ ಒಂದೇ ಸೂರಿನಡಿ ಇದ್ದರೂ ಒಂದಕ್ಕೊಂದು ಗುರುತೇ ಇಲ್ಲ.

ಇಂಥ ಹೊತ್ತಿನಲ್ಲಿ ಜನ ಮಾಡುವುದು ಒಂದೇ. ಯಾವುದೋ ವಿಡಿಯೋ ನೋಡಿ ಫೈರ್‌ವಾಲ್ ಆಫ್, ಆಂಟಿವೈರಸ್ ಆಫ್, ಪಾಸ್‌ವರ್ಡ್ ಆಫ್. ಕೊನೆಗೆ ರೂಟರ್ ರೀಸೆಟ್. ದೋಷ ಇದ್ದಲ್ಲೇ ಇರುತ್ತದೆ, ಮನೆಯ ಬಾಗಿಲುಗಳೆಲ್ಲ ತೆರೆದುಕೊಂಡಿರುತ್ತವೆ. ಯಾವ ಸೆಟ್ಟಿಂಗ್‌ಗೂ ಕೈ ಹಾಕುವ ಮೊದಲು ಒಂದು ವಿಷಯ ಗೊತ್ತುಮಾಡಿಕೊಳ್ಳಿ. ಆ ಸಾಧನ ಪಟ್ಟಿಯಲ್ಲಿ ಕಾಣುತ್ತಿಲ್ಲ ಅಷ್ಟೆಯೋ, ಅಥವಾ ಅದರ ಹತ್ತಿರ ಹೋಗುವುದಕ್ಕೇ ಆಗುತ್ತಿಲ್ಲವೋ? ಇವೆರಡೂ ಬೇರೆ ಬೇರೆ ರೋಗ, ಬೇರೆ ಬೇರೆ ಮದ್ದು.

ಯಾಕೆ ಬೇರೆ ಅಂದರೆ, ನೆಟ್‌ವರ್ಕ್ ಪಟ್ಟಿ ತುಂಬುವುದು ಬೀದಿಯಲ್ಲಿ ನಿಂತು 'ಯಾರ್ಯಾರಿದ್ದೀರಿ?' ಅಂತ ಕೂಗಿದ ಹಾಗೆ. ಕೇಳಿಸಿಕೊಂಡವರು ಓ ಅಂದರೆ ಪಟ್ಟಿಗೆ ಸೇರುತ್ತಾರೆ. ಫೈಲ್ ತೆಗೆಯುವುದು, ಪ್ರಿಂಟ್ ಕಳಿಸುವುದು ಹಾಗಲ್ಲ. ಅದಕ್ಕೆ ಮನೆ ನಂಬರ್ ಗೊತ್ತಿದ್ದರೆ ಸಾಕು, ನೇರ ಹೋಗಿ ಬಾಗಿಲು ತಟ್ಟಬಹುದು. ಕೂಗು ಕೇಳಿಸದೆ ಬಾಗಿಲು ತೆರೆದಿರುವುದು ಉಂಟು. ಕೂಗಿಗೆ ಓ ಅಂದು ಬಾಗಿಲು ತೆಗೆಯದಿರುವುದೂ ಉಂಟು.

ಮೊದಲು ಎರಡು ನಂಬರ್ ಬರೆದುಕೊಳ್ಳಿ

ಒಂದು ಚೀಟಿ, ಒಂದು ಪೆನ್ನು ತೆಗೆದುಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಸ್ಟಾರ್ಟ್ ಒತ್ತಿ 'ಸಿಎಂಡಿ' (cmd) ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಅದರಲ್ಲಿ ಐಪಿಕಾನ್‌ಫಿಗ್ (ipconfig) ಅಂತ ಕೊಟ್ಟು ಎಂಟರ್ ಒತ್ತಿ. 'ಐಪಿವಿ4 ಅಡ್ರೆಸ್' ಅನ್ನುವ ಸಾಲಿನ ಮುಂದೆ 192.168.1.12 ತರಹದ ನಂಬರ್ ಇರುತ್ತದೆ. ಅದೇ ಆ ಸಾಧನದ ಐಪಿ, ಅಂದರೆ ಮನೆ ನಂಬರ್. ಅದನ್ನು ಬರೆದುಕೊಳ್ಳಿ. ಇನ್ನೊಂದು ಕಂಪ್ಯೂಟರ್‌ನಲ್ಲೂ ಹೀಗೇ ಮಾಡಿ. ಪ್ರಿಂಟರ್ ಆದರೆ ಅದರ ಪುಟ್ಟ ಪರದೆಯಲ್ಲಿ ನೆಟ್‌ವರ್ಕ್ ಮೆನು ಹುಡುಕಿ. ಪರದೆ ಇಲ್ಲದ ಪ್ರಿಂಟರ್‌ಗಳು ಬಟನ್ ಒತ್ತಿ ಹಿಡಿದರೆ ನೆಟ್‌ವರ್ಕ್ ವಿವರದ ಹಾಳೆಯೊಂದನ್ನು ಮುದ್ರಿಸಿ ಕೊಡುತ್ತವೆ. ಯಾವ ಬಟನ್ ಅನ್ನುವುದು ಪ್ರಿಂಟರ್ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಟಿವಿಯಲ್ಲಿ ಸೆಟ್ಟಿಂಗ್ಸ್ ಒಳಗೆ ನೆಟ್‌ವರ್ಕ್ ಸ್ಟೇಟಸ್ ನೋಡಿ.

ಈಗ ಎರಡೂ ನಂಬರ್ ಪಕ್ಕಪಕ್ಕ ಇಟ್ಟು ನೋಡಿ. ಮನೆಯ ರೂಟರ್‌ಗಳಲ್ಲಿ ಸಾಮಾನ್ಯವಾಗಿ ಸಬ್‌ನೆಟ್ ಮಾಸ್ಕ್ (ನಂಬರ್‌ನ ಎಷ್ಟು ಭಾಗ ಬೀದಿಯ ಹೆಸರು ಅಂತ ಹೇಳುವ ಸಾಲು) 255.255.255.0 ಇರುತ್ತದೆ. ಹಾಗಿದ್ದರೆ ಮೊದಲ ಮೂರು ಭಾಗ ಒಂದೇ ಇರಬೇಕು, ಕೊನೆಯದು ಬೇರೆ ಇರಬೇಕು. ಲ್ಯಾಪ್‌ಟಾಪ್ 192.168.1.12, ಪ್ರಿಂಟರ್ 192.168.1.20 ಆದರೆ ಇಬ್ಬರೂ ಒಂದೇ ಬೀದಿಯವರು. ಒಂದು 192.168.1.12, ಇನ್ನೊಂದು 192.168.0.30 ಆದರೆ ಅವು ಎರಡು ಬೇರೆ ನೆಟ್‌ವರ್ಕ್. ಆಗ ಪಟ್ಟಿಯಲ್ಲಿ ಕಾಣಿಸಲಿ ಅಂತ ಲ್ಯಾಪ್‌ಟಾಪ್‌ನಲ್ಲಿ ಏನು ತಿದ್ದಿದರೂ ಪ್ರಯೋಜನವಿಲ್ಲ, ಕೆಳಗೆ ರೂಟರ್‌ಗಳ ಬಗ್ಗೆ ಬರೆದಿರುವ ಭಾಗಕ್ಕೆ ಹೋಗಿ. ನಂಬರ್ 169.254 ಅಂತ ಶುರುವಾದರೆ ಆ ಸಾಧನಕ್ಕೆ ರೂಟರ್ ನಂಬರ್ ಕೊಟ್ಟೇ ಇಲ್ಲ, ಅದು ತಾನೇ ಒಂದನ್ನು ಹಾಕಿಕೊಂಡು ಕೂತಿದೆ. ಅದನ್ನು ಆಫ್ ಮಾಡಿ ಆನ್ ಮಾಡಿ. ಆಗಲೂ ಹಾಗೇ ಇದ್ದರೆ ವೈಫೈ ಪಾಸ್‌ವರ್ಡ್ ಮತ್ತೆ ಕೊಡಿ.

ನೇರ ಬಾಗಿಲು ತಟ್ಟಿ ನೋಡುವುದು

ಪ್ರಿಂಟರ್‌ನ ನಂಬರ್ ಅನ್ನು ಬ್ರೌಸರ್‌ನ ಅಡ್ರೆಸ್ ಪಟ್ಟಿಯಲ್ಲಿ ಟೈಪ್ ಮಾಡಿ. ಈಗಿನ ಬಹುತೇಕ ವೈಫೈ ಪ್ರಿಂಟರ್‌ಗಳಿಗೆ ತಮ್ಮದೇ ಒಂದು ಪುಟ ಇರುತ್ತದೆ. ಇಂಕ್ ಎಷ್ಟಿದೆ, ಪೇಪರ್ ಇದೆಯೋ ಇಲ್ಲವೋ ಅಂತ ತೋರಿಸುತ್ತದೆ. ಅದು ತೆರೆದರೆ ಪ್ರಿಂಟರ್ ಸಿಗುತ್ತಿದೆ, ಪಟ್ಟಿಯಲ್ಲಿ ಕಾಣುತ್ತಿಲ್ಲ ಅಷ್ಟೆ. ಅವಸರದಲ್ಲಿ ಇದ್ದೀರಾ? ಹಾಗಾದರೆ ಇಲ್ಲಿಗೇ ಮುಗಿಸಬಹುದು. ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್‌ನಲ್ಲಿ ಆಡ್ ಡಿವೈಸ್ ಒತ್ತಿ. ಹುಡುಕಾಟ ಮುಗಿದ ಮೇಲೆ 'ಆಡ್ ಮ್ಯಾನ್ಯುಯಲಿ' ಬರುತ್ತದೆ. ಅದರೊಳಗೆ ಐಪಿ ಅಡ್ರೆಸ್ ಕೊಟ್ಟು ಸೇರಿಸುವ ಆಯ್ಕೆ ಇದೆ.

ಕಂಪ್ಯೂಟರ್ ಆದರೆ ಫೈಲ್ ಎಕ್ಸ್‌ಪ್ಲೋರರ್‌ನ ಮೇಲಿನ ಪಟ್ಟಿಯಲ್ಲಿ \\192.168.1.20 ಅಂತ ಎರಡು ಹಿಂಗೆರೆ ಸೇರಿಸಿ ಕೊಡಿ. ಶೇರ್ ಮಾಡಿದ ಫೋಲ್ಡರ್‌ಗಳು ಬಂದರೆ, ಅಥವಾ ಹೆಸರು ಪಾಸ್‌ವರ್ಡ್ ಕೇಳಿದರೆ, ದಾರಿ ತೆರೆದಿದೆ ಅಂತ ಅರ್ಥ.

ಎರಡೂ ಆಗದಿದ್ದರೆ ಕಪ್ಪು ಕಿಟಕಿಗೆ ವಾಪಸ್ ಬನ್ನಿ. 'ಪಿಂಗ್ 192.168.1.20' (ping 192.168.1.20) ಕೊಡಿ, ಇದು 'ಇದ್ದೀಯಾ?' ಅಂತ ಆ ನಂಬರ್ ಅನ್ನು ಕೇಳುವ ಆದೇಶ. ಇಲ್ಲಿ ಬಹಳ ಜನ ಎಡವುತ್ತಾರೆ. ಉತ್ತರ ಬಂದರೆ ಸರಿ, ಬರದಿದ್ದರೆ ಸಾಧನ ಇಲ್ಲ ಅಂತ ತೀರ್ಮಾನಿಸುತ್ತಾರೆ. ವಿಂಡೋಸ್ ಫೈರ್‌ವಾಲ್ ಪಿಂಗ್‌ಗೆ ಉತ್ತರ ಕೊಡದೆ ಸುಮ್ನೆ ಇರುವುದು ಮಾಮೂಲು. ಹಾಗಾಗಿ ಉತ್ತರ ಬಂತೋ ಇಲ್ಲವೋ ಅನ್ನುವುದಕ್ಕಿಂತ ಏನು ಬಂತು ಅನ್ನುವುದನ್ನು ನೋಡಿ. 'ರಿಕ್ವೆಸ್ಟ್ ಟೈಮ್ಡ್ ಔಟ್' ಬಂದರೆ ಆ ಕಡೆ ಯಾರೋ ಇದ್ದು ಮಾತಾಡದೆ ಇರಬಹುದು. 'ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್' ಅಂತ ಬಂದು, ಆ ಸಾಲಿನ ಶುರುವಿನಲ್ಲಿ ನಿಮ್ಮದೇ ಲ್ಯಾಪ್‌ಟಾಪ್‌ನ ನಂಬರ್ ಇದ್ದರೆ, ಆ ನಂಬರ್‌ನವರು ಈ ಬೀದಿಯಲ್ಲಿ ಯಾರೂ ಓ ಅನ್ನಲಿಲ್ಲ ಅಂತ ನಿಮ್ಮ ಲ್ಯಾಪ್‌ಟಾಪೇ ಹೇಳುತ್ತಿದೆ.

ಪಿಂಗ್ ಮುಗಿದ ತಕ್ಷಣ ಇನ್ನೊಂದು ಆದೇಶ ಕೊಡಿ: ಎಆರ್‌ಪಿ, ಒಂದು ಜಾಗ ಬಿಟ್ಟು ಅಡ್ಡಗೆರೆ, ಅದಕ್ಕೆ ಅಂಟಿದಂತೆ ಎ (arp -a). ಒಂದು ಪಟ್ಟಿ ಬರುತ್ತದೆ. ಎಡಗಡೆ ಐಪಿ ನಂಬರ್, ಪಕ್ಕದಲ್ಲಿ ಎರಡೆರಡು ಅಕ್ಷರದ ಆರು ಜೋಡಿ. ಆ ಆರು ಜೋಡಿಯೇ ಸಾಧನದ ಮ್ಯಾಕ್ ಅಡ್ರೆಸ್, ಅಂದರೆ ಅದರ ನೆಟ್‌ವರ್ಕ್ ಭಾಗದ ಗುರುತು. ಪಿಂಗ್‌ಗೆ ಉತ್ತರ ಬರದಿದ್ದರೂ 192.168.1.20ರ ಪಕ್ಕ ಮ್ಯಾಕ್ ಅಡ್ರೆಸ್ ಬಂದಿದ್ದರೆ, ಆ ಸಾಧನ ಆನ್ ಇದೆ, ನಿಮ್ಮ ಜೊತೆಗೇ ಇದೆ, ಅದರ ಫೈರ್‌ವಾಲ್ ಮಾತ್ರ ತಡೆಯುತ್ತಿದೆ. ತಪ್ಪು ಆ ಕಡೆಯ ಕಂಪ್ಯೂಟರ್‌ನಲ್ಲಿದೆ, ಅಲ್ಲಿಗೆ ಹೋಗಿ. ಪಟ್ಟಿಯಲ್ಲಿ ಆ ನಂಬರ್ ಬರಲೇ ಇಲ್ಲ ಅಂದರೆ ಸಾಧನ ಆಫ್ ಆಗಿದೆ, ಅಥವಾ ರೂಟರ್ ಇಬ್ಬರನ್ನೂ ಬೇರೆ ಇಟ್ಟಿದೆ. ಅರ್ಧ ನಿಮಿಷದ ಈ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ. ನನಗಂತೂ ಯಾವ ಮನೆಗೆ ಹೋದರೂ ಇದು ಮೊದಲ ಕೆಲಸ.

ಒಂದು ಮನೆ, ಎರಡು ರೂಟರ್

ನಮ್ಮ ಕಡೆ ಜಾಸ್ತಿ ಸಿಗುವ ದೋಷ ಇದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಫೈಬರ್ ಹಾಕಿದವರು ಬಾಗಿಲ ಪಕ್ಕ ಹಾಲ್‌ನಲ್ಲಿ ಒಂದು ಡಬ್ಬಿ ಕೂರಿಸಿ ಹೋಗಿರುತ್ತಾರೆ. ಅದರಲ್ಲೇ ವೈಫೈ ಇರುತ್ತದೆ. ಮಹಡಿಗೆ ಸಿಗ್ನಲ್ ಹೋಗಲ್ಲ. ಹಾಗಾಗಿ ಪೇಟೆಯಿಂದ ಇನ್ನೊಂದು ರೂಟರ್ ತಂದು, ಕೆಳಗಿನ ಡಬ್ಬಿಯಿಂದ ಕೇಬಲ್ ಎಳೆದು, ಮೇಲಿನ ರೂಟರ್‌ನ ವ್ಯಾನ್ ಪೋರ್ಟ್‌ಗೆ (ಹೊರಗಿನಿಂದ ನೆಟ್ ಒಳಬರುವ ಕಿಂಡಿ) ಚುಚ್ಚುತ್ತಾರೆ. ನೆಟ್ ಬಂತು, ಎಲ್ಲರೂ ಖುಷಿ. ಆದರೆ ಆ ಹೊತ್ತಿನಿಂದ ಮನೆಯಲ್ಲಿ ಎರಡು ನೆಟ್‌ವರ್ಕ್ ಆಗಿವೆ. ಕೆಳಗಿನ ಡಬ್ಬಿ 192.168.1ರಿಂದ ಶುರುವಾಗುವ ನಂಬರ್ ಕೊಡುತ್ತಿದ್ದರೆ, ಮೇಲಿನದು 192.168.0ರಿಂದ ಶುರುವಾಗುವ ನಂಬರ್ ಕೊಡುತ್ತಿರುತ್ತದೆ.

ಇದರ ವಿಚಿತ್ರ ನೋಡಿ. ಮೇಲಿನ ಲ್ಯಾಪ್‌ಟಾಪ್‌ನಿಂದ ಕೆಳಗಿನ ಪ್ರಿಂಟರ್‌ಗೆ ಐಪಿ ನಂಬರ್ ಕೊಟ್ಟು ಪ್ರಿಂಟ್ ಮಾಡಿದರೆ ಆಗುತ್ತದೆ. ಮೇಲಿನ ರೂಟರ್‌ಗೆ ಕೆಳಗಿನದೆಲ್ಲ ಹೊರಗಿನ ಪ್ರಪಂಚ. ಹೊರಗೆ ಹೋಗುವುದಕ್ಕೆ ಅದು ಬಿಡುತ್ತದೆ. ಕೆಳಗಿನಿಂದ ಮೇಲಿನ ಕಂಪ್ಯೂಟರ್ ತೆರೆಯಲು ಹೋದರೆ ಆಗಲ್ಲ, ಒಳಗೆ ಬರುವುದನ್ನು ಅದು ತಡೆಯುತ್ತದೆ. ಇನ್ನು ಆ 'ಯಾರಿದ್ದೀರಿ' ಅನ್ನುವ ಕೂಗು ಎರಡೂ ದಿಕ್ಕಿನಲ್ಲಿ ರೂಟರ್ ದಾಟುವುದೇ ಇಲ್ಲ. ಹೀಗಾಗಿ 'ನನ್ನದರಲ್ಲಿ ಆಗುತ್ತೆ, ನಿನ್ನದರಲ್ಲಿ ಯಾಕೆ ಆಗಲ್ಲ' ಅಂತ ಅಣ್ಣ ತಂಗಿ ಜಗಳ ಶುರುವಾಗುತ್ತದೆ. ಇಬ್ಬರ ಲ್ಯಾಪ್‌ಟಾಪೂ ಸರಿಯಾಗೇ ಇರುತ್ತವೆ. ಎರಡೂ ವೈಫೈನ ಪಾಸ್‌ವರ್ಡ್ ಲ್ಯಾಪ್‌ಟಾಪ್‌ನಲ್ಲಿ ಉಳಿದಿದ್ದರಂತೂ ಬೆಳಗ್ಗೆ ಕಾಣಿಸಿದ ಪ್ರಿಂಟರ್ ಸಾಯಂಕಾಲ ಕಾಣೆ. ಎಲ್ಲಿ ಕೂತಿದ್ದೀರಿ, ಯಾವ ರೂಟರ್ ಹಿಡಿದಿದೆ ಅನ್ನುವುದರ ಮೇಲೆ ಅದು ಹೋಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಬ್ರೌಸರ್‌ನಲ್ಲಿ ಮೇಲಿನ ರೂಟರ್‌ನ ಸೆಟ್ಟಿಂಗ್ ಪುಟ ತೆರೆದು 'ಆಪರೇಶನ್ ಮೋಡ್' ಅಥವಾ ಅಂಥ ಹೆಸರಿನ ಜಾಗದಲ್ಲಿ 'ಆಕ್ಸೆಸ್ ಪಾಯಿಂಟ್' ಆರಿಸಿ. ಅದು ನಂಬರ್ ಹಂಚುವುದನ್ನು ಬಿಟ್ಟು ಬರೀ ವೈಫೈ ಕೊಡುತ್ತದೆ. ಎಲ್ಲರಿಗೂ ಕೆಳಗಿನ ಡಬ್ಬಿಯೇ ನಂಬರ್ ಕೊಡುತ್ತದೆ, ಎಲ್ಲರೂ ಒಂದೇ ನೆಟ್‌ವರ್ಕ್‌ಗೆ ಬರುತ್ತಾರೆ.

ಹಳೇ ರೂಟರ್‌ನಲ್ಲಿ ಆ ಮೋಡ್ ಇಲ್ಲದಿದ್ದರೆ ಕೈಯಾರೆ ಮಾಡಬೇಕು. ಇಲ್ಲಿ ಕ್ರಮ ಮುಖ್ಯ. ಮೊದಲು ಮೇಲಿನ ರೂಟರ್‌ನ ಲ್ಯಾನ್ ಐಪಿಯನ್ನು, ಅಂದರೆ ಮನೆಯೊಳಗಿನ ಕಡೆಗಿರುವ ಅದರ ನಂಬರ್ ಅನ್ನು, ಕೆಳಗಿನ ಸಾಲಿಗೆ ಹೊಂದುವಂತೆ ಬದಲಿಸಿ, ಉದಾಹರಣೆಗೆ 192.168.1.250. ಕೆಳಗಿನ ಡಬ್ಬಿ ಹಂಚುವ ನಂಬರ್‌ಗಳ ವ್ಯಾಪ್ತಿಯಲ್ಲಿ ಅದು ಇರಬಾರದು, ಡಬ್ಬಿಯ ಪುಟದಲ್ಲಿ ನೋಡಿಕೊಳ್ಳಿ. ಆಮೇಲೆ ಮೇಲಿನ ರೂಟರ್‌ನ ಡಿಎಚ್‌ಸಿಪಿ (ನಂಬರ್ ಹಂಚುವ ಕೆಲಸ) ಆಫ್ ಮಾಡಿ. ಕೊನೆಗೆ ಕೇಬಲ್ ಅನ್ನು ವ್ಯಾನ್ ಪೋರ್ಟ್‌ನಿಂದ ಕಿತ್ತು ಲ್ಯಾನ್ ಪೋರ್ಟ್‌ಗೆ ಹಾಕಿ. ಡಿಎಚ್‌ಸಿಪಿಯನ್ನು ಮೊದಲೇ ಆಫ್ ಮಾಡಿಬಿಟ್ಟರೆ ಲ್ಯಾಪ್‌ಟಾಪ್‌ಗೆ ನಂಬರ್ ಸಿಗದೆ ರೂಟರ್‌ನ ಪುಟ ತೆರೆಯುವುದೇ ತಾಪತ್ರಯ.

ಒಂದು ತಪ್ಪು ನಂಬಿಕೆ ಇದೆ. 5ಜಿ ಅಂತ ಹೆಸರಿರುವ ವೈಫೈ ಬೇರೆ ನೆಟ್‌ವರ್ಕ್, ಪ್ರಿಂಟರ್ ಇರುವ 2.4 ಗಿಗಾಹರ್ಟ್ಸ್‌ಗೆ ಬರದಿದ್ದರೆ ಕಾಣಲ್ಲ ಅಂತ. ಒಂದೇ ರೂಟರ್‌ನ ಎರಡೂ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್) ಸಾಮಾನ್ಯವಾಗಿ ಒಂದೇ ನೆಟ್‌ವರ್ಕ್. ಪ್ರಿಂಟರ್ 2.4ರಲ್ಲಿ, ಲ್ಯಾಪ್‌ಟಾಪ್ 5ರಲ್ಲಿ ಇದ್ದರೂ ಕಾಣಬೇಕು. ಬಹಳಷ್ಟು ಪ್ರಿಂಟರ್‌ಗಳಿಗೆ 2.4 ಮಾತ್ರ ಬರುತ್ತದೆ ಅನ್ನುವುದು ನಿಜ, ಆದರೆ ಅದು ಮೊದಲ ಸಲ ಜೋಡಿಸುವಾಗಿನ ತಲೆನೋವು.

ಗೆಸ್ಟ್ ವೈಫೈ, ಪಿಜಿ ವೈಫೈ

ಮೊದಲ ಮೂರು ಭಾಗ ಒಂದೇ ಇದೆ, ಎಆರ್‌ಪಿ ಪಟ್ಟಿಯಲ್ಲಿ ಮಾತ್ರ ಏನೂ ಬರುತ್ತಿಲ್ಲ ಅಂದರೆ ರೂಟರ್ ಮೇಲೆ ಅನುಮಾನ ಪಡಿ. ಎಪಿ ಐಸೋಲೇಶನ್, ಕ್ಲೈಂಟ್ ಐಸೋಲೇಶನ್, ವೈರ್‌ಲೆಸ್ ಐಸೋಲೇಶನ್ ಅಂತ ಕಂಪನಿಗೊಂದು ಹೆಸರು. ಕೆಲಸ ಒಂದೇ: ವೈಫೈಯಲ್ಲಿರುವ ಸಾಧನಗಳು ಇಂಟರ್ನೆಟ್‌ಗೆ ಹೋಗಬಹುದು, ಒಂದರ ಜೊತೆ ಇನ್ನೊಂದು ಮಾತಾಡುವಂತಿಲ್ಲ. ಗೆಸ್ಟ್ ನೆಟ್‌ವರ್ಕ್‌ನಲ್ಲಿ ಇದು ಸಾಮಾನ್ಯವಾಗಿ ಆನ್ ಇರುತ್ತದೆ. ನೆಂಟರಿಗೆ ಅಂತ ಮಾಡಿದ ಗೆಸ್ಟ್ ಪಾಸ್‌ವರ್ಡ್ ನೆನಪಿಡಲು ಸುಲಭ ಅಂತ ಮನೆಯವರೇ ಅದಕ್ಕೆ ಸೇರಿಕೊಂಡಿರುತ್ತಾರೆ! ಪಕ್ಕಾ ಮಾಡಿಕೊಳ್ಳಲು ಲ್ಯಾಪ್‌ಟಾಪ್ ಅನ್ನು ರೂಟರ್‌ಗೆ ಕೇಬಲ್‌ನಲ್ಲಿ ಜೋಡಿಸಿ ವೈಫೈ ಆಫ್ ಮಾಡಿ. ಪ್ರಿಂಟರ್ ಈಗ ಸಿಕ್ಕಿತು ಅಂದರೆ ಐಸೋಲೇಶನ್‌ನದೇ ಕೆಲಸ.

ಮನೆಯ ಮುಖ್ಯ ವೈಫೈಯಲ್ಲಿ ಇದನ್ನು ಆಫ್ ಮಾಡಬಹುದು. ಆದರೆ ಮಹಡಿಯನ್ನು ಬಾಡಿಗೆಗೆ ಕೊಟ್ಟು, ವೈಫೈಯನ್ನೂ ಹಂಚಿಕೊಂಡಿದ್ದರೆ ಬಾಡಿಗೆಯವರಿಗೆ ಗೆಸ್ಟ್ ನೆಟ್‌ವರ್ಕ್ ಕೊಟ್ಟು ಐಸೋಲೇಶನ್ ಹಾಗೇ ಬಿಡಿ. ಬಿ.ಎಚ್. ರಸ್ತೆಯ ಕಾಲೇಜುಗಳ ಸುತ್ತ ಪಿಜಿಯಲ್ಲಿರುವ ಹುಡುಗರು 'ಫ್ರೆಂಡ್ ಲ್ಯಾಪ್‌ಟಾಪ್ ಕಾಣ್ತಿಲ್ಲ' ಅಂತ ಕೇಳುತ್ತಾರೆ. ಕಾಣಬಾರದು ಅಂತಲೇ ಹಾಗೆ ಮಾಡಿರುತ್ತಾರೆ, ಅದು ದೋಷವಲ್ಲ. ಪ್ರಾಜೆಕ್ಟ್ ಫೈಲ್ ಕೊಡಬೇಕಾ? ಒಬ್ಬರ ಫೋನ್‌ನಲ್ಲಿ ಹಾಟ್‌ಸ್ಪಾಟ್ ಹಾಕಿ ಇಬ್ಬರೂ ಅದಕ್ಕೆ ಸೇರಿ.

ಲ್ಯಾಪ್‌ಟಾಪ್‌ನ ಸರದಿ

ಐಪಿ ಕೊಟ್ಟರೆ ಸಿಗುತ್ತದೆ, ಪಟ್ಟಿಯಲ್ಲಿ ಕಾಣಲ್ಲ ಅನ್ನುವವರು ಇಲ್ಲಿಗೆ ಬನ್ನಿ.

ಮೊದಲು ಪಬ್ಲಿಕ್, ಪ್ರೈವೇಟ್. ಪ್ರತಿ ವೈಫೈಗೂ ವಿಂಡೋಸ್ ಈ ಎರಡರಲ್ಲಿ ಒಂದು ಹಣೆಪಟ್ಟಿ ಹಚ್ಚುತ್ತದೆ. ವಿಂಡೋಸ್ 11 ಹೊಸ ವೈಫೈಯನ್ನು ತಾನಾಗೇ ಪಬ್ಲಿಕ್ ಅಂದುಕೊಳ್ಳುತ್ತದೆ. ಪಬ್ಲಿಕ್‌ನಲ್ಲಿ ಅದು ಯಾರಿಗೂ ಕಾಣಿಸಿಕೊಳ್ಳುವುದಿಲ್ಲ, ಯಾರನ್ನೂ ಹುಡುಕುವುದಿಲ್ಲ. ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈಫೈ, ನಿಮ್ಮ ವೈಫೈನ ಪ್ರಾಪರ್ಟೀಸ್. ಅಲ್ಲಿ ಪ್ರೈವೇಟ್ ಆರಿಸಿ. ಮನೆಯ ವೈಫೈಗೆ ಮಾತ್ರ. ರೈಲ್ವೆ ಸ್ಟೇಷನ್, ಹೋಟೆಲ್, ಪಿಜಿ ವೈಫೈಗಳು ಪಬ್ಲಿಕ್ ಆಗೇ ಇರಲಿ. ಆಮೇಲೆ ಅಡ್ವಾನ್ಸ್‌ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಕೆಳಗಿನ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡೂ ಆನ್ ಇವೆಯಾ ನೋಡಿ. ಎರಡೂ ಕಂಪ್ಯೂಟರ್‌ಗಳಲ್ಲಿ ನೋಡಬೇಕು, ಒಂದರಲ್ಲಿ ಮಾತ್ರ ಅಲ್ಲ.

ಆಮೇಲೂ ಕಾಣದಿದ್ದರೆ ಸರ್ವಿಸಸ್. ಸ್ಟಾರ್ಟ್‌ನಲ್ಲಿ 'ಸರ್ವಿಸಸ್' ಹುಡುಕಿ ತೆರೆಯಿರಿ. ಅದರಲ್ಲಿ ಫಂಕ್ಷನ್ ಡಿಸ್ಕವರಿ ಅನ್ನುವ ಹೆಸರಿನ ಎರಡು ಸಾಲು ಇರುತ್ತವೆ. ಪ್ರೊವೈಡರ್ ಹೋಸ್ಟ್ ಅನ್ನುವುದು ಬೇರೆಯವರನ್ನು ಹುಡುಕುವುದಕ್ಕೆ. ರಿಸೋರ್ಸ್ ಪಬ್ಲಿಕೇಶನ್ ಅನ್ನುವುದು 'ನಾನಿಲ್ಲಿದ್ದೇನೆ' ಅಂತ ಹೇಳುವುದಕ್ಕೆ. ನಿಮ್ಮ ಲ್ಯಾಪ್‌ಟಾಪ್‌ಗೆ ಡೆಸ್ಕ್‌ಟಾಪ್ ಕಾಣಲ್ಲ ಅಂದರೆ, ಎರಡನೆಯದು ನಿಂತಿರುವುದು ಬಹುಶಃ ಡೆಸ್ಕ್‌ಟಾಪ್‌ನಲ್ಲಿ. ಜನ ಲ್ಯಾಪ್‌ಟಾಪ್‌ನ ಮುಂದೆಯೇ ಕೂತು ಅದನ್ನೇ ಮತ್ತೆ ಮತ್ತೆ ರೀಸ್ಟಾರ್ಟ್ ಮಾಡುತ್ತಿರುತ್ತಾರೆ. ಎದ್ದು ಆ ಕಂಪ್ಯೂಟರ್ ಹತ್ತಿರ ಹೋಗಿ, ರಿಸೋರ್ಸ್ ಪಬ್ಲಿಕೇಶನ್ ಅನ್ನು ಸ್ಟಾರ್ಟ್ ಮಾಡಿ, ಸ್ಟಾರ್ಟಪ್ ಟೈಪ್ ಅನ್ನು 'ಆಟೋಮ್ಯಾಟಿಕ್ ಡಿಲೇಡ್ ಸ್ಟಾರ್ಟ್' ಮಾಡಿ. ಒಂದೆರಡು ನಿಮಿಷ ಕಾದು ಎಫ್5 ಒತ್ತಿ.

ಬೇರೆ ಕಂಪನಿಯ ಆಂಟಿವೈರಸ್ ಹಾಕಿದ್ದರೆ ಅದರೊಳಗೆ ಪ್ರತ್ಯೇಕ ಫೈರ್‌ವಾಲ್ ಇರಬಹುದು. ವಿಂಡೋಸ್ ಪ್ರೈವೇಟ್ ಅಂದರೂ ಅದು ಪಬ್ಲಿಕ್ ಅಂತಲೇ ಹಠ ಹಿಡಿಯುತ್ತದೆ. ಅದರ ನೆಟ್‌ವರ್ಕ್ ಪಟ್ಟಿಯಲ್ಲಿ ನಿಮ್ಮ ವೈಫೈಯನ್ನು ಹೋಮ್ ಅಥವಾ ಟ್ರಸ್ಟೆಡ್ ಮಾಡಿ. ಆ ಫೈರ್‌ವಾಲ್ ಪೋರ್ಟ್ (ಮಾತು ಒಳಬರುವ ಕಿಂಡಿ) ನಂಬರ್ ಕೇಳಿದರೆ ಇಟ್ಟುಕೊಳ್ಳಿ: ವಿಂಡೋಸ್ ಕಂಪ್ಯೂಟರ್‌ಗಳು ಒಂದನ್ನೊಂದು ಹುಡುಕುವುದು ಯುಡಿಪಿ 3702ರಲ್ಲಿ, ಟಿವಿಯಂಥವು ಯುಡಿಪಿ 1900ರಲ್ಲಿ, ಕ್ಯಾಸ್ಟ್ ಮತ್ತು ಏರ್‌ಪ್ರಿಂಟ್ ಯುಡಿಪಿ 5353ರಲ್ಲಿ. ಫೈಲ್ ಬರುವುದು ಟಿಸಿಪಿ 445ರಲ್ಲಿ.

ಕೆಲವೇ ನಿಮಿಷ ಕಾಣಿಸಿ ಮಾಯವಾಗುತ್ತದೆ, ರೂಟರ್ ರೀಸ್ಟಾರ್ಟ್ ಮಾಡಿದರೆ ಮತ್ತೆ ಬರುತ್ತದೆ ಅನ್ನುವವರು ರೂಟರ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ (ಆ ಕೂಗು ಯಾರಿಗೆ ತಲುಪಬೇಕು ಅಂತ ಸೋಸುವ ವ್ಯವಸ್ಥೆ) ಅನ್ನುವುದನ್ನು ಆಫ್ ಮಾಡಿ ನೋಡಿ, ಫರ್ಮ್‌ವೇರ್ (ರೂಟರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಇದ್ದರೆ ಹಾಕಿ.

ಫೋನ್ ಈ ಪಟ್ಟಿಯಲ್ಲಿ ಕಾಣಲ್ಲ ಅಂತ ಚಿಂತೆ ಬೇಡ. ಫೋನ್ ತಾನಾಗಿ ಏನನ್ನೂ ಶೇರ್ ಮಾಡುವುದಿಲ್ಲ, ಹಾಗಾಗಿ ಕಾಣಬೇಕಾಗೂ ಇಲ್ಲ. ಐಫೋನ್‌ನ ಆಪ್‌ಗೆ ಪ್ರಿಂಟರ್ ಸಿಗುತ್ತಿಲ್ಲ ಅಂದರೆ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ 'ಲೋಕಲ್ ನೆಟ್‌ವರ್ಕ್' ಅನುಮತಿ ನೋಡಿ. ಐಒಎಸ್ 14ರಿಂದ ಅದು ಬಂದಿದೆ, ಆಪಲ್‌ನ ಮ್ಯಾಕ್ ಕಂಪ್ಯೂಟರ್‌ಗಳಿಗೆ ಸೆಕೋಯಾ ಆವೃತ್ತಿಯಿಂದ. ಮಿರಾಕ್ಯಾಸ್ಟ್‌ನಲ್ಲಿ ಟಿವಿಗೆ ಸ್ಕ್ರೀನ್ ಹೋಗುತ್ತಿದೆ ಅಂತ ನೆಟ್‌ವರ್ಕ್ ಸರಿ ಇದೆ ಅಂದುಕೊಳ್ಳಬೇಡಿ. ಅದು ಸಾಮಾನ್ಯವಾಗಿ ರೂಟರ್ ಹಂಗಿಲ್ಲದೆ ನೇರ ಟಿವಿಗೇ ಹೋಗುತ್ತದೆ.

ಹಳೇ ಡೆಸ್ಕ್‌ಟಾಪ್‌ನ ಕಥೆ

ಬಟವಾಡಿ ಎಪಿಎಂಸಿ ಯಾರ್ಡ್ ಕಡೆಯ ವ್ಯಾಪಾರಿಗಳ ಮನೆಗಳಲ್ಲಿ ಇನ್ನೂ ವಿಂಡೋಸ್ 7 ಸಿಗುತ್ತದೆ, ಅಪರೂಪಕ್ಕೆ ಎಕ್ಸ್‌ಪಿಯೂ ಸಿಗುತ್ತದೆ. 'ಲೆಕ್ಕ ಅದರಲ್ಲಿದೆ ಸ್ವಾಮಿ, ಮುಟ್ಟಬೇಡಿ' ಅನ್ನುತ್ತಾರೆ. ಫೈಲ್ ಹಂಚಿಕೊಳ್ಳಲು ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿ 1 ಅನ್ನುವ ಹಳೇ ಭಾಷೆ ಒಂದೇ. 2017ರ ಮೇ ತಿಂಗಳಲ್ಲಿ ಜಗತ್ತಿಡೀ ಹರಡಿದ ವಾನಾಕ್ರೈ ಇದೇ ಎಸ್‌ಎಂಬಿ 1ರ ತೂತಿನಲ್ಲಿ ನುಗ್ಗಿತು. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿದ ಆ ರಾನ್ಸಮ್‌ವೇರ್ ನೆನಪಿದೆ ಅಲ್ವಾ? ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಎಸ್‌ಎಂಬಿ 1 ತಾನಾಗಿ ಬರುವುದಿಲ್ಲ. ಹಳೇ ನ್ಯಾಸ್ ಡಬ್ಬಿ (ನೆಟ್‌ವರ್ಕ್‌ಗೆ ಜೋಡಿಸಿ ಎಲ್ಲರೂ ಫೈಲ್ ಇಡುವ ಡಿಸ್ಕ್), ರೂಟರ್‌ನ ಯುಎಸ್‌ಬಿಗೆ ಚುಚ್ಚಿದ ಹಾರ್ಡ್ ಡಿಸ್ಕ್ ಹೊಸ ಲ್ಯಾಪ್‌ಟಾಪ್‌ನಲ್ಲಿ ಕಾಣದಿರಲು ಬಹಳ ಸಲ ಇದೇ ಕಾರಣ.

ವಿಡಿಯೋಗಳು ಎಸ್‌ಎಂಬಿ 1 ಆನ್ ಮಾಡಿ ಅನ್ನುತ್ತವೆ. ನಾನು ಮಾಡಿಕೊಡುವುದಿಲ್ಲ. ವರ್ಷಗಳ ಲೆಕ್ಕ ಇರುವ ಮನೆಗೆ ಆ ತೂತು ಬೇಡ. ಎಕ್ಸ್‌ಪಿಯಲ್ಲಿರುವುದನ್ನು ಪೆನ್‌ಡ್ರೈವ್‌ಗೆ ತೆಗೆದು ಹೊಸದಕ್ಕೆ ಹಾಕಿ. ವಿಂಡೋಸ್ 7ಕ್ಕೆ ಎಸ್‌ಎಂಬಿ 2 ಬರುತ್ತದೆ, ಐಪಿ ನಂಬರ್ ಕೊಟ್ಟರೆ ತೆರೆಯುತ್ತದೆ. ಆದರೆ 2020ರ ಜನವರಿಯಿಂದ ಅದಕ್ಕೂ ಭದ್ರತಾ ಅಪ್‌ಡೇಟ್ ಇಲ್ಲ. ಇನ್ನು ಹೋಮ್‌ಗ್ರೂಪ್ (ಮನೆಯ ಕಂಪ್ಯೂಟರ್‌ಗಳ ನಡುವೆ ಶೇರ್ ಮಾಡಲು ಇದ್ದ ಹಳೇ ಸೌಲಭ್ಯ) ಮಾಡಿ ಅನ್ನುವ ಸಲಹೆ ಸಿಕ್ಕರೆ ಅಲ್ಲೇ ಬಿಟ್ಟುಬಿಡಿ, 2018ರಲ್ಲಿ ಬಂದ ವಿಂಡೋಸ್ 10ರ 1803 ಆವೃತ್ತಿಯಲ್ಲೇ ಅದನ್ನು ತೆಗೆದುಹಾಕಿದ್ದಾರೆ.

ವಿಂಡೋಸ್ 11 ಪ್ರೊನಲ್ಲಿ 24ಎಚ್2ಗೆ ಅಪ್‌ಡೇಟ್ ಆದ ಮೇಲೆ ನ್ಯಾಸ್ ಸಿಗುತ್ತಿಲ್ಲವಾ? ಆ ಆವೃತ್ತಿ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರ್‌ಗಳನ್ನು ಒಪ್ಪುವುದಿಲ್ಲ, ಸೈನಿಂಗ್ (ಬಂದ ಮಾತು ಅಸಲಿಯೇ ಅಂತ ತೋರಿಸುವ ಸಹಿ) ಬೇಕು ಅನ್ನುತ್ತದೆ. ನ್ಯಾಸ್‌ನಲ್ಲಿ ಒಂದು ಯೂಸರ್ ಮಾಡಿ ಪಾಸ್‌ವರ್ಡ್ ಕೊಡಿ, ಅದರ ಫರ್ಮ್‌ವೇರ್ ಹೊಸದು ಮಾಡಿ.

ಎಲ್ಲ ಸರಿಹೋಗಿ, ಕಂಪ್ಯೂಟರ್ ಕಾಣಿಸಿ, ಕ್ಲಿಕ್ ಮಾಡಿದರೆ ಪಾಸ್‌ವರ್ಡ್ ಕೇಳುತ್ತದೆ. ದಿನಾ ಲಾಗಿನ್‌ಗೆ ಒತ್ತುವ ನಾಲ್ಕಂಕಿಯ ಪಿನ್ ಕೊಡುತ್ತೀರಿ, ತಪ್ಪು ಅನ್ನುತ್ತದೆ. ಪಿನ್ ಆ ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ ನಡೆಯುತ್ತದೆ, ನೆಟ್‌ವರ್ಕ್‌ನಲ್ಲಿ ಅಲ್ಲ. ಇಲ್ಲಿ ಕೇಳುವುದು ಆ ಕಡೆಯ ಕಂಪ್ಯೂಟರ್‌ನ ಅಕೌಂಟ್ ಹೆಸರು ಮತ್ತು ಅದರ ಅಸಲಿ ಪಾಸ್‌ವರ್ಡ್. ಮೈಕ್ರೋಸಾಫ್ಟ್ ಅಕೌಂಟ್ ಆದರೆ ಪೂರ್ತಿ ಇಮೇಲ್, ಅದರ ಪಾಸ್‌ವರ್ಡ್. ಅದು ನೆನಪಿಲ್ಲ ಅನ್ನುವವರೇ ಜಾಸ್ತಿ. ಅಂಥವರು ಡೆಸ್ಕ್‌ಟಾಪ್‌ನಲ್ಲಿ ಶೇರಿಂಗ್‌ಗೆ ಅಂತಲೇ ಒಂದು ಲೋಕಲ್ ಅಕೌಂಟ್ ಮಾಡಿ, ಪಾಸ್‌ವರ್ಡ್ ಇಟ್ಟು, ಫೋಲ್ಡರ್ ಅನ್ನು ಅದರ ಹೆಸರಿಗೆ ಶೇರ್ ಮಾಡುವುದು ಒಳ್ಳೆಯದು.

ಕರೆಂಟ್ ಹೋಗಿ ಬಂದ ಮೇಲೆ

ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ. ಬಂದ ಮೇಲೆ ಪ್ರಿಂಟರ್ 'ಆಫ್‌ಲೈನ್'. ಕಾರಣ ಎರಡು. ಕರೆಂಟ್ ಬಂದ ತಕ್ಷಣ ಪ್ರಿಂಟರ್ ಬೇಗ ಏಳುತ್ತದೆ, ರೂಟರ್ ನಿಧಾನಕ್ಕೆ ಏಳುತ್ತದೆ. ನಂಬರ್ ಕೊಡುವವರು ಸಿಗದೆ ಪ್ರಿಂಟರ್ 169.254 ಹಾಕಿಕೊಂಡುಬಿಡುತ್ತದೆ. ಇನ್ನೊಂದು, ಕೆಲವು ರೂಟರ್‌ಗಳು ಯಾರಿಗೆ ಯಾವ ನಂಬರ್ ಕೊಟ್ಟಿದ್ದೆ ಅನ್ನುವುದನ್ನು ಮರೆತು, ನಿನ್ನೆ ಪ್ರಿಂಟರ್‌ಗಿದ್ದ ನಂಬರ್ ಅನ್ನು ಇವತ್ತು ಟಿವಿಗೆ ಕೊಡುತ್ತವೆ. ಲ್ಯಾಪ್‌ಟಾಪ್ ಮಾತ್ರ ಹಳೇ ನಂಬರ್‌ಗೇ ಪ್ರಿಂಟ್ ಕಳಿಸುತ್ತಿರುತ್ತದೆ.

ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಹಾಕಿ. ಆಮೇಲೆ ರೂಟರ್‌ನ ಪುಟದಲ್ಲಿ ಅಡ್ರೆಸ್ ರಿಸರ್ವೇಶನ್ ಅಥವಾ ಸ್ಟ್ಯಾಟಿಕ್ ಲೀಸ್ ಹುಡುಕಿ, ಪ್ರಿಂಟರ್‌ನ ಮ್ಯಾಕ್ ಅಡ್ರೆಸ್‌ಗೆ ಒಂದು ಖಾಯಂ ನಂಬರ್ ಬರೆದಿಡಿ. ಮ್ಯಾಕ್ ಅಡ್ರೆಸ್ ಎಲ್ಲಿ ಸಿಗುತ್ತದೆ ಅಂದರೆ, ಆ ಎಆರ್‌ಪಿ ಪಟ್ಟಿಯಲ್ಲೇ ಇದೆ. ಡೆಸ್ಕ್‌ಟಾಪ್‌ಗೂ ಹೀಗೇ ಮಾಡಿ. ಲ್ಯಾಪ್‌ಟಾಪ್, ಫೋನ್‌ಗೆ ಮಾಡುವ ಮುಂಚೆ ಅವುಗಳಲ್ಲಿ ರ್‍ಯಾಂಡಮ್ ಮ್ಯಾಕ್ ಅನ್ನುವ (ಅಸಲಿ ಮ್ಯಾಕ್ ಅಡ್ರೆಸ್ ಬದಲು ಬೇರೆಯದನ್ನು ತೋರಿಸುವ) ಆಯ್ಕೆಯನ್ನು ಮನೆ ವೈಫೈಗೆ ಮಾತ್ರ ಆಫ್ ಮಾಡಿ, ಇಲ್ಲದಿದ್ದರೆ ನೀವು ಬರೆದಿಟ್ಟ ಮ್ಯಾಕ್ ಅಡ್ರೆಸ್ ಹೊಂದುವುದಿಲ್ಲ.

ವಿಂಡೋಸ್‌ನ ನೆಟ್‌ವರ್ಕ್ ರೀಸೆಟ್ ಒತ್ತುವ ಆಸೆ ಬಂದರೆ ಸ್ವಲ್ಪ ತಡೆಯಿರಿ. ಅದು ಉಳಿಸಿದ ವೈಫೈ ಪಾಸ್‌ವರ್ಡ್‌ಗಳನ್ನೆಲ್ಲ ಅಳಿಸುತ್ತದೆ, ವಿಪಿಎನ್ (ಮನೆಯಿಂದ ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವ ಸಾಫ್ಟ್‌ವೇರ್) ಇದ್ದರೆ ಮತ್ತೆ ಹಾಕಬೇಕಾಗಬಹುದು. ಜೊತೆಗೆ ಮನೆ ವೈಫೈ ಮತ್ತೆ ಪಬ್ಲಿಕ್ ಆಗುತ್ತದೆ. ಅಂದರೆ ಯಾವ ರೋಗಕ್ಕೆ ಮದ್ದು ಹುಡುಕುತ್ತಿದ್ದಿರೋ ಅದನ್ನೇ ಹೊಸದಾಗಿ ತಂದುಕೊಂಡ ಹಾಗೆ.

ಆಫೀಸ್ ಲ್ಯಾಪ್‌ಟಾಪ್ ಆದರೆ

ಮನೆಯ ಬೇರೆ ಲ್ಯಾಪ್‌ಟಾಪ್‌ಗಳಿಗೆಲ್ಲ ಪ್ರಿಂಟರ್ ಕಂಡು ಆಫೀಸಿನದಕ್ಕೆ ಮಾತ್ರ ಕಾಣದಿದ್ದರೆ ವಿಪಿಎನ್ ಬಿಟ್ಟು ನೋಡಿ. ಕೆಲವು ಕಂಪನಿಗಳ ವಿಪಿಎನ್ ಲ್ಯಾಪ್‌ಟಾಪ್‌ನ ಎಲ್ಲ ಮಾತನ್ನೂ ಆಫೀಸಿನ ಕಡೆಗೇ ತಿರುಗಿಸುತ್ತದೆ, ಮನೆಯ ನೆಟ್‌ವರ್ಕ್‌ಗೆ ಬಾಗಿಲು ಹಾಕಿಬಿಡುತ್ತದೆ. ವಿಪಿಎನ್ ಬಿಟ್ಟಾಗ ಕಂಡರೆ, ಪ್ರಿಂಟ್ ಕೊಡುವಷ್ಟು ಹೊತ್ತು ಬಿಟ್ಟು ಮತ್ತೆ ಹಾಕಿಕೊಳ್ಳಬಹುದು, ಕಂಪನಿಯ ನಿಯಮ ಒಪ್ಪಿದರೆ. ಪ್ರೈವೇಟ್, ಡಿಸ್ಕವರಿ ಬಟನ್‌ಗಳೇ ಬೂದು ಬಣ್ಣಕ್ಕೆ ತಿರುಗಿ ಒತ್ತಲು ಬರುತ್ತಿಲ್ಲ ಅಂದರೆ ಕಂಪನಿಯವರೇ ಬೀಗ ಹಾಕಿದ್ದಾರೆ. ಅದನ್ನು ಮುರಿಯುವ ದಾರಿ ಹುಡುಕಬೇಡಿ, ನನ್ನನ್ನೂ ಕೇಳಬೇಡಿ. ಪ್ರಿಂಟರ್‌ಗೆ ಯುಎಸ್‌ಬಿ ಕೇಬಲ್ ಹಾಕಿ ನೋಡಿ. ಅದನ್ನೂ ತಡೆದಿದ್ದರೆ ನಿಮ್ಮ ಐಟಿಯವರಿಗೆ ಬರೆಯಿರಿ. 'ಪ್ರಿಂಟರ್ ಬರ್ತಿಲ್ಲ' ಅಂತ ಒಂದೇ ಸಾಲು ಕಳಿಸಿದರೆ ಅವರಿಂದ ವಾಪಸ್ ಹತ್ತು ಪ್ರಶ್ನೆ ಬರುತ್ತವೆ. ಚೀಟಿಯಲ್ಲಿರುವ ಎರಡು ಐಪಿ ನಂಬರ್, ಪಿಂಗ್‌ಗೆ ಬಂದ ಸಾಲು, ಎಆರ್‌ಪಿಯಲ್ಲಿ ಮ್ಯಾಕ್ ಬಂತೋ ಇಲ್ಲವೋ, ವಿಪಿಎನ್ ಇದ್ದಾಗ ಏನಾಯಿತು, ಇಲ್ಲದಾಗ ಏನಾಯಿತು ಅನ್ನುವುದನ್ನು ಸೇರಿಸಿ ಕಳಿಸಿ.